ಹಮಾದೊನ ಗಂಟಲಲ್ಲಿ ಹವಾಮಾನ

ಮಧ್ಯಾಹ್ನದ ಹವಾಮಾನ ಓದಿ ಮುಗಿಸಿದ ಮೇಲೆ ಲಾಸಿನಾ ಪಾರೆಗೆ ತನ್ನ ದನಿ ವಾಪಸ್ ಸಿಗಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಮೈಕ್ ಆಫ್ ಮಾಡಿ, ಒಂದು ಲೋಟ ನೀರು ಕುಡಿದು, ಗೋಡೆಗೆ ಮುಖ ಮಾಡಿ ನಿಂತು ತನ್ನ ಹೆಸರನ್ನೇ ತಾನು ಹೇಳಿಕೊಳ್ಳುತ್ತಿದ್ದ. ಮೊದಮೊದಲು ಒಂದೇ ಸಲಕ್ಕೆ ಸರಿಹೋಗುತ್ತಿತ್ತು. ಈಚೆಗೆ ಎಷ್ಟು ಕೆಮ್ಮಿದರೂ ಬಾಯಿ ತೆರೆದರೆ ಸತ್ತವನೇ ಮಾತಾಡುತ್ತಿದ್ದ.

ಸತ್ತವನು ಹಮಾದೊ ಸವಾದೊಗೊ. ವಾಹಿಗುಯಾ ಊರಿನ ಪುಟ್ಟ ರೇಡಿಯೋದಲ್ಲಿ ವರ್ಷಗಟ್ಟಲೆ ಹವಾಮಾನ ಓದಿದವನು. ರಾಜಧಾನಿಯಿಂದ ಫ್ರೆಂಚಿನಲ್ಲಿ ಬರುವ ಒಣ ಅಂಕಿಗಳನ್ನು ಅವನು ಊರವರ ಮೋರೆ ಭಾಷೆಗೆ ತಿರುಗಿಸಿದರೆ ಅವಕ್ಕೆ ಕೈಕಾಲು ಬರುತ್ತಿದ್ದವು. "ಇವತ್ತು ಕೋಳಿ ರೆಕ್ಕೆ ಬಿಚ್ಚಿ ಕೂರೋ ಬಿಸಿಲು. ನಾಳೆ ಕತ್ತೆ ಹೊಡೆದ್ರೂ ಹೆಜ್ಜೆ ಇಡದ ಬಿಸಿಲು. ಹನ್ನೆರಡರಿಂದ ನಾಲ್ಕರವರೆಗೆ ಯಾರೂ ಹೊರಗೆ ಬರಬೇಡಿ. ಮುದುಕರಿಗೆ ಬಾಯಾರಿದ್ದು ಗೊತ್ತಾಗಲ್ಲ, ಕೇಳದಿದ್ರೂ ನೀರು ಕೊಡಿ." ಅವನು ಹೀಗೆ ಹೇಳಿದನೆಂದರೆ ಸಂತೆಯ ಅಂಗಡಿಗಳ ಮುಂದೆ ಸುತ್ತಿ ಕಟ್ಟಿದ್ದ ಚಾಪೆಗಳು ಒಂದೊಂದಾಗಿ ಕೆಳಗಿಳಿದು ಅಂಗಡಿ ಮುಚ್ಚುತ್ತಿದ್ದವು.

ಅಂಥವನು ಕಳೆದ ಏಪ್ರಿಲ್‌ನಲ್ಲಿ, ಆಂಟೆನಾದ ತಂತಿ ಸಡಿಲವಾಯಿತೆಂದು ನಡುಮಧ್ಯಾಹ್ನ ತಗಡಿನ ಮಾಡು ಹತ್ತಿದ. ಇಳಿದು ಬಂದು, ತಲೆ ಸುತ್ತುತ್ತಿದೆ ಎಂದು ಬೇವಿನ ಮರದ ಬುಡದಲ್ಲಿ ಕೂತ. ಕೂತವನು ಏಳಲಿಲ್ಲ.

ಲಾಸಿನಾ ಅದೇ ರೇಡಿಯೋದಲ್ಲಿ ಧ್ವನಿಯಂತ್ರ ನೋಡಿಕೊಳ್ಳುತ್ತಿದ್ದವನು, ಹಮಾದೊನ ಗೆಳೆಯ, ಜಾತಿಯಿಂದ ಸಾಮೋ. ಹಮಾದೊ ಮೊಸ್ಸಿ. ಈ ಎರಡು ಕುಲಗಳ ನಡುವೆ ಅಜ್ಜಂದಿರ ಕಾಲದಿಂದ ಗೇಲಿಯ ನೆಂಟಸ್ತಿಕೆ. ಒಬ್ಬರನ್ನೊಬ್ಬರು ಏನು ಬೇಕಾದರೂ ಅನ್ನಬಹುದು, ಸಿಟ್ಟು ಮಾಡಿಕೊಳ್ಳುವಂತಿಲ್ಲ. ಗೇಲಿ ನೆಂಟ ಏನಾದರೂ ಕೇಳಿದರೆ ಇಲ್ಲ ಅನ್ನುವಂತಿಲ್ಲ. ಸಾವಿನ ಮನೆಗೆ ಬಂದರೆ ಸತ್ತವನ ಬಟ್ಟೆ ತೊಟ್ಟು, ಅವನ ಹಾಗೆ ನಡೆದು, ಅವನ ಹಾಗೆ ಮಾತಾಡಿ, ಅಳುತ್ತಿರುವವರನ್ನು ನಗಿಸಬೇಕು. ಲಾಸಿನಾ ಅಂದು ಹಮಾದೊನ ಟೋಪಿ ಹಾಕಿಕೊಂಡು ಅಂಗಳದಲ್ಲಿ ಹವಾಮಾನ ಓದಿದ. ಜನ ಬಿದ್ದು ಬಿದ್ದು ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು.

ಅದು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ರೇಡಿಯೋದವರು ಹವಾಮಾನ ಓದುವ ಕೆಲಸ ಅವನಿಗೇ ಕಟ್ಟಿದರು. ಅವನ ಸಾಮೋ ಉಚ್ಚಾರದ ಮೋರೆ ಮಾತು ಕೇಳಿ ಊರು ತಮಾಷೆ ಮಾಡಿತು, ಒಳಗೆ ಮಾತ್ರ ಹೋಗಲಿಲ್ಲ. ಸಂತೆಯಲ್ಲಿ ಒಬ್ಬ ಮುದುಕ ಕುಸಿದುಬಿದ್ದ. ಮರುದಿನ ಲಾಸಿನಾ, ಬೇರೆ ದಾರಿ ಕಾಣದೆ, ಹಮಾದೊನ ದನಿಯಲ್ಲಿ ಓದಿದ. ಚಾಪೆಗಳು ಇಳಿದವು. ಅಂದಿನಿಂದ ಅದೇ ನಡೆದುಕೊಂಡು ಬಂತು. ಹಿರಿಯರೂ ತಕರಾರು ಮಾಡಲಿಲ್ಲ. ಕೊನೆಯ ಕ್ರಿಯೆ ಆಗುವ ತನಕ ಸತ್ತವನು ಹೊಸ್ತಿಲಲ್ಲೇ ಇರುತ್ತಾನೆ, ಅಲ್ಲಿಯ ತನಕ ಅವನನ್ನು ಅನುಕರಿಸುವ ಹಕ್ಕು ಗೇಲಿ ನೆಂಟನದು. ಅವನ ಹೆಂಡತಿಯೂ ಅಲ್ಲಿಯ ತನಕ ಅವನ ಹೆಂಡತಿಯೇ.

ಆ ಹೆಂಡತಿ ಕಲಿಜೆತಾ. ಕ್ರಿಯೆಯ ಮಾತು ಬಂದಾಗಲೆಲ್ಲ ಮುಂದೆ ಹಾಕುತ್ತಿದ್ದವಳೂ ಅವಳೇ. ಒಮ್ಮೆ ಸಜ್ಜೆ ಸಾಲದು ಅಂದಳು, ಇನ್ನೊಮ್ಮೆ ಅತ್ತೆಗೆ ಮೈ ಸರಿಯಿಲ್ಲ ಅಂದಳು. ಈಗ ವರ್ಷ ತಿರುಗಿ ಮತ್ತೆ ಏಪ್ರಿಲ್ ಬಂದಿತ್ತು, ಹೋದ ವರ್ಷಕ್ಕಿಂತ ಕೆಟ್ಟ ಬಿಸಿಲು ಬೀಳುತ್ತಿತ್ತು.

ಅವಳ ಅಂಗಡಿ ರೇಡಿಯೋದ ಎದುರು ಬೀದಿಯಲ್ಲೇ. ಸಜ್ಜೆ ಹಿಟ್ಟು, ಶುಂಠಿ, ಹುಣಸೆ ಕಲಸಿದ ತಂಪು ಜೂಮ್‌ಕೂಮ್ ಮಾರುತ್ತಿದ್ದಳು. ಹವಾಮಾನ ಮುಗಿದರೆ ಮುಂದಿನ ಚಾಪೆ ಇಳಿಸಿ, ಹಿಂದಿನ ಹುಲ್ಲಿನ ಚಪ್ಪರದಡಿ ಅತ್ತೆಯ ಜೊತೆ ಕೂರುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ಲಾಸಿನಾ ಬೀದಿ ದಾಟಿ ಬರುತ್ತಿದ್ದ.

"ಬಂದ ನೋಡಿ ಅತ್ತೆ, ನಾಯಿತಲೆ ತಿನ್ನೋ ಕುಲದೋನು. ಊರಿಗೆಲ್ಲ ಒಳಗಿರಿ ಅಂತಾನೆ, ತಾನು ಮಾತ್ರ ಬೀದಿ ಸುತ್ತಾನೆ."

"ಸುತ್ತಲಿಲ್ಲ ಕಣೇ, ದಾಟಿದೆ. ನಮ್ಮಜ್ಜನ ಮನೆ ಆಳಿನ ಮೊಮ್ಮಗಳು ನೀನು. ನೀನು ಕುಡಿಯೋಕೆ ಕೊಡದೆ ಇನ್ಯಾರು ಕೊಡ್ತಾರೆ?"

"ಆಳಂತೆ ಆಳು! ನಮ್ಮವರು ಒಂದು ಕತ್ತೆ ಕೊಟ್ಟು ನಿಮ್ಮಜ್ಜನ್ನ ಕೊಂಡ್ಕೊಂಡಿದ್ದು. ಅದರಲ್ಲೂ ನಷ್ಟ. ಕತ್ತೆ ಚೆನ್ನಾಗಿತ್ತಂತೆ."

ಅತ್ತೆ, ಮುದುಕಿ ಟಿಪೊಕೊ, ಬೊಚ್ಚುಬಾಯಲ್ಲಿ ನಗುತ್ತಿದ್ದಳು. ಕಣ್ಣು ಕಾಣದು, ಕಿವಿ ಮಾತ್ರ ಚುರುಕು. ಕಲಿಜೆತಾ ಸೋರೆಬುರುಡೆ ತುಂಬಿ ಎರಡೂ ಕೈಯಲ್ಲಿ ಚಾಚುತ್ತಿದ್ದಳು. ಅವಳ ಕೆನ್ನೆಯಲ್ಲಿ ಒಂದು ಗುಳಿ, ನಗು ತಡೆದುಕೊಂಡಾಗ ಕಾಣುವಂಥದ್ದು. ಅದಕ್ಕಾಗಿಯೇ ಲಾಸಿನಾ ದಿನಕ್ಕೊಂದು ಹೊಸ ಬೈಗುಳ ಕಟ್ಟಿಕೊಂಡು ಬರುತ್ತಿದ್ದ. ಮೂವತ್ತೈದು ದಾಟಿದ ಗಂಡಸು, ಬೆಳಗ್ಗೆ ಎದ್ದು ಕನ್ನಡಿ ಮುಂದೆ ಬೈಗುಳ ಅಭ್ಯಾಸ ಮಾಡುತ್ತಿದ್ದನೆಂದರೆ ಅವನ ಸ್ಥಿತಿ ನೀವೇ ತಿಳಿದುಕೊಳ್ಳಿ.

ಒಂದೇ ಒಂದು ಅವನಿಗೆ ಚುಚ್ಚುತ್ತಿತ್ತು. ಅವನು ಕುಡಿಯುವಾಗ ಅವಳು ಅವನನ್ನೇ ನೋಡುತ್ತಿದ್ದಳು. ಆದರೆ ನೋಟ ಕಣ್ಣಿಗೆ ತಾಗುತ್ತಿರಲಿಲ್ಲ. ಅವಳು ಅವನ ಗಂಟಲು ನೋಡುತ್ತಿದ್ದಳು.

ಒಂದು ದಿನ ಮಧ್ಯಾಹ್ನ ಕರೆಂಟ್ ಹೋಗುತ್ತೆ, ಜನರೇಟರ್ ಪ್ರಸಾರಕ್ಕಷ್ಟೇ ಸಾಲುತ್ತೆ, ಮೈಕಿಗೆ ಸಾಲಲ್ಲ ಅಂತ ಬೆಳಗ್ಗೆಯೇ ಹವಾಮಾನ ರೆಕಾರ್ಡ್ ಮಾಡಿಟ್ಟರು. ಹಾಗಾಗಿ ಹನ್ನೆರಡಕ್ಕೆ ಲಾಸಿನಾ ಬಿಡುವಾಗಿದ್ದ. ಇವತ್ತು ಬೇಗ ಹೋಗಿ ಹೆದರಿಸೋಣ ಅಂತ ಕಳ್ಳಹೆಜ್ಜೆಯಲ್ಲಿ ಚಪ್ಪರದ ತಡಿಕೆ ಹಿಂದೆ ಬಂದು ನಿಂತ.

ಒಳಗೆ ರೇಡಿಯೋ ಮಾತಾಡತೊಡಗಿತು. "ಇವತ್ತು ಸೈಕಲ್ ಸೀಟು ಮುಟ್ಟೋಕಾಗದ ಬಿಸಿಲು..."

ತಡಿಕೆಯ ಸಂದಿಯಲ್ಲಿ ಕಲಿಜೆತಾ ಕಾಣುತ್ತಿದ್ದಳು. ತಲೆವಸ್ತ್ರ ಸರಿಮಾಡಿಕೊಂಡಳು. ಮುಖ ಒರೆಸಿಕೊಂಡಳು. ಕಣ್ಣು ಮುಚ್ಚಿ, ಬಾಗಿಲಲ್ಲಿ ಯಾರೋ ಬಂದು ನಿಂತ ಹಾಗೆ ಕತ್ತು ಸ್ವಲ್ಪ ಓರೆ ಮಾಡಿದಳು. ರೇಡಿಯೋ, ಅಂಗಡಿ ಮುಚ್ಚಿ, ಒಳಗಿರಿ ಅಂದಿತು.

"ಹೂಂ, ಮುಚ್ತೀನಿ ಕಣ್ರೀ," ಎಂದಳು ಅವಳು ಮೆಲ್ಲಗೆ. "ನಿಮಗ್ಯಾಕೆ ಅವಸರ? ಇಲ್ಲೇ ಇರಿ ಇನ್ನೊಂಚೂರು."

ಲಾಸಿನಾ ಅಂಥ ಮುಖ ನೋಡಿರಲಿಲ್ಲ. ಅವನು ವರ್ಷವಿಡೀ ಬೇಡಿದ ನಗು ಅಲ್ಲಿ ಪೂರ್ತಿಯಾಗಿ ಅರಳಿತ್ತು, ಎರಡೂ ಕೆನ್ನೆಯಲ್ಲಿ ಗುಳಿ ಬಿದ್ದಿತ್ತು. ಅದನ್ನು ತರಿಸಿದ್ದು ಅವನದೇ ಬಾಯಿ. ಆದರೂ ಅದು ಅವನಿಗಲ್ಲ. ಒಬ್ಬ ಸತ್ತವನ ಮೇಲೆ, ಅದೂ ತನ್ನ ಜೀವದ ಗೆಳೆಯನ ಮೇಲೆ, ಹೊಟ್ಟೆಕಿಚ್ಚು ಪಡುತ್ತಿದ್ದೇನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ತಡಿಕೆ ಸರಿಸಿ ಒಳಗೆ ಬಂದ. ಅವಳು ಬೆಚ್ಚಿ ರೇಡಿಯೋ ಕಡೆ ನೋಡಿದಳು, ಅವನ ಕಡೆ ನೋಡಿದಳು. ಆ ದನಿ ಇನ್ನೂ ರೇಡಿಯೋದಲ್ಲಿ ಮಾತಾಡುತ್ತಿತ್ತು, ಅವನ ಬಾಯಿ ಮುಚ್ಚಿತ್ತು.

"ಇನ್ಮೇಲೆ ನಾನು ಹೀಗೆ ಓದಲ್ಲ ಕಲಿಜೆತಾ."

"ಯಾಕೆ? ಏನಾಯ್ತು ಸಾಮೋ?"

"ಮೊನ್ನೆ ನಮ್ಮಮ್ಮ ಊರಿಂದ ಫೋನ್ ಮಾಡಿದ್ಳು. ಹಲೋ ಅಂದೆ. 'ಲಾಸಿನಾನ ಕೊಡಪ್ಪಾ' ಅಂದ್ಳು."

ಅವಳು ನಗಲಿಲ್ಲ. ಮುದುಕಿ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ಹೊರಗೆ ಬೀದಿ ನಿರ್ಜನವಾಗಿತ್ತು, ಒಂದು ಕಾಗೆಯೂ ಇರಲಿಲ್ಲ. ಕಲಿಜೆತಾ ರೇಡಿಯೋ ಆರಿಸಿ ಅವನ ಎದುರು ಕೂತಳು.

"ನಿಲ್ಸು, ಬೇಡ ಅನ್ನಲ್ಲ. ಆದ್ರೆ ನೀನು ನನ್ನ ಗೇಲಿ ನೆಂಟ. ನಾನೊಂದು ಕೇಳಿದ್ರೆ ಇಲ್ಲ ಅನ್ನೋ ಹಾಗಿಲ್ಲ."

"ಕೇಳು."

"ಅವರು ಬೇಕು. ಒಂದೇ ಸಲ. ನಾನು ಕೇಳ್ತೀನಿ, ಅವರು ಉತ್ತರ ಕೊಡ್ಲಿ."

"ಬೇಡ ಕಣೇ. ಇದು ಆಟ ಅಲ್ಲ."

"ನಾನೂ ಆಟ ಆಡ್ತಿಲ್ಲ."

ಲಾಸಿನಾ ಕಣ್ಣು ಮುಚ್ಚಿಕೊಂಡ. ಆಗಲಿ ಎಂದು ತಲೆ ಆಡಿಸಿದ. ಅವಳು ಕೇಳಿದಾಗ ಅವಳ ದನಿಯಲ್ಲಿ ಅಳುವಿಗಿಂತ ಸಿಟ್ಟೇ ಹೆಚ್ಚಿತ್ತು.

"ಊರಿಗೆಲ್ಲ ಒಳಗಿರಿ ಒಳಗಿರಿ ಅಂದ್ರಲ್ಲ. ನೀವ್ಯಾಕೆ ಹತ್ತಿದ್ರಿ ಮಾಡು? ಯಾರ ಮನೆ ಮುಳುಗಿಹೋಗ್ತಿತ್ತು?"

ಅವನು ಏನೋ ಯೋಚಿಸಿಟ್ಟುಕೊಂಡಿದ್ದ. ಬಾಯಿಗೆ ಬಂದದ್ದೇ ಬೇರೆ.

"ತಂತಿ ಸಡಿಲ ಆಗಿತ್ತು. ರೇಡಿಯೋ ನಿಂತ್ರೆ ನೀನು ಅಂಗಡಿ ಮುಚ್ಚಲ್ಲ. ಗಿರಾಕಿ ಬರ್ತಾರೆ ಅಂತ ಆ ಬಿಸಿಲಲ್ಲೇ ಕೂತಿರ್ತೀಯ. ನನಗೆ ಗೊತ್ತಿಲ್ವೇನೆ, ಕುಂಬಳಬಳ್ಳಿ?"

ಕಲಿಜೆತಾ ಎದ್ದು ನಿಂತಳು. ಬುರುಡೆ ಕೈಜಾರಿ ಬಿದ್ದು ಉರುಳಿತು. "ಏನಂದೆ? ಆ ಹೆಸರು ನಿನಗೆ ಯಾರು ಹೇಳಿದ್ರು? ಅದು ಅವರಿಗೂ ನನಗೂ ಬಿಟ್ರೆ... ಅತ್ತೆಗೂ ಗೊತ್ತಿಲ್ಲ."

ಲಾಸಿನಾಗೂ ಒಂದು ಕ್ಷಣ ತಾನು ಮಾತಾಡಿದೆನೋ, ಇನ್ಯಾರೋ ಮಾತಾಡಿದರೋ ತಿಳಿಯಲಿಲ್ಲ. ಆಮೇಲೆ ನೆನಪಾಯಿತು. ನೀರು ಕುಡಿದು, ತನ್ನ ಹೆಸರು ಹೇಳಿಕೊಂಡು, ತನ್ನ ದನಿಯಲ್ಲೇ ಮೆಲ್ಲಗೆ ಹೇಳಿದ.

"ನಾನು ಹೆಡ್‌ಫೋನ್ ಹಾಕ್ಕೊಂಡು ಗಾಜಿನ ಆಚೆ ಕೂರ್ತಿದ್ನಲ್ಲ. ಅವನು ಒಳಗೆ ಮಾತಾಡಿದ್ದೆಲ್ಲ ನನಗೆ ಕೇಳ್ತಿತ್ತು, ಊರಿಗೆ ಹೋಗದೆ ಇರೋದೂ. ಓದೋಕೆ ಮುಂಚೆ ದಿನಾ ಹೇಳ್ತಿದ್ದ, 'ಕುಂಬಳಬಳ್ಳಿ, ಕೇಳಿಸ್ಕೋ' ಅಂತ. ಅದು ಹೇಳಿದ ಮೇಲೇನೇ ನಾನು ಊರಿಗೆ ಲೈನ್ ಬಿಡ್ತಿದ್ದೆ."

"ದಿನಾನಾ?"

"ದಿನಾ. ನನ್ನ ಮೇಲೆ ಸಿಟ್ಟು ಮಾಡ್ಕೊಂಡ ದಿನಾನೂ, ನಿನ್ನ ಮೇಲೆ ಸಿಟ್ಟು ಮಾಡ್ಕೊಂಡ ದಿನಾನೂ."

ಅವಳು ಕೂತಳು. ಸೆರಗಿನ ಹಾಗೆ ತಲೆವಸ್ತ್ರದ ತುದಿ ಬಾಯಿಗೆ ಅದುಮಿಕೊಂಡು, ಮುದುಕಿಗೆ ಎಚ್ಚರವಾಗದ ಹಾಗೆ ಅತ್ತಳು. ಅವನು ಬಿದ್ದ ಬುರುಡೆ ಎತ್ತಿ ಮಣ್ಣು ಒರೆಸುತ್ತ ಕೂತ. ಒರೆಸಿದ್ದನ್ನೇ ಒರೆಸಿದ.

"ಇನ್ನೊಂದೇ ಸಲ ಹಾಗೆ ಕರಿ," ಎಂದಳು ಕೊನೆಗೆ.

"ಇಲ್ಲ."

"ಇಲ್ಲ ಅನ್ನೋ ಹಾಗಿಲ್ಲ ಅಂದೆನಲ್ಲ."

"ನೀನು ಕೇಳಿದ್ದು ಒಂದು ಸಲ, ಕೊಟ್ಟೆ. ಇನ್ನೊಂದು ಸಲ ಕರೆದ್ರೆ ಅದು ಅವನು ಕರೆದ ಹಾಗಿರಲ್ಲ ಕಲಿಜೆತಾ. ನಾನು ಕರೆದ ಹಾಗಿರುತ್ತೆ."

ಅವಳ ನೋಟ ಅವನ ಗಂಟಲಿನಿಂದ ಮೇಲಕ್ಕೆ ಬಂತು. ಒಂದು ವರ್ಷದಲ್ಲಿ ಮೊದಲ ಸಲ ಅವಳು ಅವನ ಕಣ್ಣು ನೋಡಿದಳು. ತುಂಬ ಹೊತ್ತು ನೋಡಿದಳು. ಅವನು ಮುಖ ತಿರುಗಿಸಲಿಲ್ಲ, ತಿರುಗಿಸಬೇಕೆನಿಸಿದರೂ ಆಗಲಿಲ್ಲ.

"ಹೋಗು ಸಾಮೋ," ಎಂದಳು. ಅದರಲ್ಲಿ ಗೇಲಿ ಇರಲಿಲ್ಲ.

ಆಮೇಲೆ ಅವನು ಆ ಬೀದಿ ದಾಟಲಿಲ್ಲ. ಬಿಸಿಲು ಏರುತ್ತಲೇ ಇತ್ತು. ಆಸ್ಪತ್ರೆಯ ವರಾಂಡದಲ್ಲಿ ಮುದುಕರನ್ನು ಸಾಲಾಗಿ ಮಲಗಿಸಿದ್ದರು. ಹೀಗಿರುವಾಗ ಹಮಾದೊನ ದನಿ ನಿಲ್ಲಿಸುವ ಧೈರ್ಯ ಅವನಿಗೆ ಬರಲಿಲ್ಲ, ಓದಿದ. ಓದುವಾಗ ಗಾಜಿನ ಆಚೆ ಯಾರೋ ಹೆಡ್‌ಫೋನ್ ಹಾಕಿಕೊಂಡು ಕೂತ ಹಾಗೆ ಅನಿಸುತ್ತಿತ್ತು. ಆ ಕಡೆ ನೋಡುತ್ತಿರಲಿಲ್ಲ.

ಅಷ್ಟರಲ್ಲಿ ಸುದ್ದಿ ಬಂತು, ಕಲಿಜೆತಾ ಕ್ರಿಯೆಗೆ ಒಪ್ಪಿದ್ದಾಳೆ, ಶುಕ್ರವಾರ. ಲಾಸಿನಾ ಅದಕ್ಕೆ ಒಂದೇ ಅರ್ಥ ಮಾಡಿಕೊಂಡ. ಆ ದನಿಯನ್ನು ಕಳಿಸುತ್ತಿದ್ದಾಳೆ, ದನಿಯ ಜೊತೆ ತನ್ನನ್ನೂ ಕಳಿಸುತ್ತಿದ್ದಾಳೆ. ದನಿ ಹೋದಮೇಲೆ ಎದುರು ಬೀದಿಯ ಸಾಮೋನಿಂದ ಅವಳಿಗೇನಾಗಬೇಕು?

ಕ್ರಿಯೆ ಬಿಸಿಲೇರುವ ಮೊದಲೇ ಮುಗಿಯಬೇಕಿತ್ತು. ನೆಂಟರು ತಡವಾಗಿ ಬಂದರು, ಅಡುಗೆ ತಡವಾಯಿತು, ಇಂಥವು ಯಾವಾಗ ಹೇಳಿದ ಹೊತ್ತಿಗೆ ಮುಗಿದಿವೆ? ಲಾಸಿನಾ ಹಮಾದೊನ ಟೋಪಿ ಇಟ್ಟು, ಅವನದೇ ಕನ್ನಡಕ ಏರಿಸಿ, ಕೊನೆಯ ಸಲ ಹವಾಮಾನ ಓದಿದ. "ಇವತ್ತು ಸತ್ತವನೂ ನೆರಳು ಹುಡುಕೋ ಬಿಸಿಲು. ನಾನು ಹೊರಟೆ. ನನ್ನನ್ನ ತಡೀಬೇಡಿ, ನೀವು ಒಳಗಿರಿ." ನಗು ಎದ್ದಿತು, ಅರ್ಧಕ್ಕೇ ನಿಂತಿತು. ಹೆಂಗಸರ ಗುಂಪಿನಲ್ಲಿ ಬಿಳಿ ಬಟ್ಟೆಯ ಕಲಿಜೆತಾ ತಲೆ ತಗ್ಗಿಸಿದ್ದಳು.

ಇನ್ನು ಹಮಾದೊ ಮಲಗುತ್ತಿದ್ದ ಚಾಪೆಯನ್ನು ಊರ ಹೊರಗೆ ಒಯ್ಯಬೇಕು. ಆಗ ಗೇಲಿ ನೆಂಟ ದಾರಿಗೆ ಅಡ್ಡ ಮಲಗುತ್ತಾನೆ, ಕೇಳಿದ್ದು ಕೊಟ್ಟ ಹೊರತು ಏಳುವುದಿಲ್ಲ. ಲಾಸಿನಾ ಟೋಪಿ, ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಹೊಸ್ತಿಲಾಚೆ ಅಂಗಾತ ಮಲಗಿದ. ನೆಲ ಹೆಂಚಿನ ಹಾಗೆ ಕಾದಿತ್ತು.

"ತಗೋ, ಕೋಲಾ ಬೀಜ," ಎಂದ ಹಮಾದೊನ ಚಿಕ್ಕಪ್ಪ.

"ಬೇಡ."

"ಇವನ ಹೊಟ್ಟೆ ದೊಡ್ದು! ಕೋಳಿ ತಂದ್ಕೊಡ್ರೋ."

"ಕೋಳಿನೂ ಬೇಡ."

"ಮತ್ತೇನು, ನಾಯಿ ಬೇಕಾ?"

ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. ಲಾಸಿನಾ ಬಿಳಿಚಿದ ಆಕಾಶ ನೋಡುತ್ತ ಹೇಳಿದ, "ಕಲಿಜೆತಾನ ಕೊಡಿ."

ಈಗ ಇನ್ನೂ ಜೋರಾಗಿ ನಕ್ಕರು. ಒಬ್ಬಳು ಚಪ್ಪಾಳೆ ಹೊಡೆದಳು. "ಸಾಮೋಗೆ ಬಿಸಿಲು ನೆತ್ತಿಗೇರ್ತು!" "ನೀರು ಸುರೀರೋ!" ಗೇಲಿ ನೆಂಟನ ಮಾತು ಗೇಲಿಯೇ, ಅದನ್ನು ಯಾರು ನಿಜವೆಂದುಕೊಳ್ಳುತ್ತಾರೆ? ಜೀವಮಾನದಲ್ಲಿ ಅವನು ಆಡಿದ ಒಂದೇ ಒಂದು ನಿಜದ ಮಾತು ಆ ನಗುವಿನಲ್ಲಿ ಮುಳುಗಿಹೋಗುತ್ತಿತ್ತು. ಬೆನ್ನು ಸುಡುತ್ತಿತ್ತು. ಅವನು ಏಳಲಿಲ್ಲ.

ನಗು ತಾನಾಗಿಯೇ ಇಳಿಯಿತು. ಕೋಲು ಊರುತ್ತ ಟಿಪೊಕೊ ಬಂದಳು. ಅವಳ ತೋಳು ಹಿಡಿದು ಕಲಿಜೆತಾ ಬಂದಳು.

"ಕೇಳ್ತಾ ಇರೋದು ಯಾರು?" ಎಂದಳು ಮುದುಕಿ. "ನನಗೆ ಕಣ್ಣು ಕಾಣಲ್ಲ. ದನಿಯಿಂದ್ಲೇ ಹೇಳಬೇಕು ನೀನು."

ಲಾಸಿನಾ ಬಾಯಿ ತೆರೆದ. "ನಾನು..." ಅಂದ. ಬಂದದ್ದು ಹಮಾದೊನ ದನಿ. ಮುದುಕಿಯ ಮುಖ ಸಣ್ಣದಾಯಿತು. ಉಗುಳು ನುಂಗಿದ. ಹೋಗು ಮಾರಾಯ, ಎಂದ ಒಳಗೊಳಗೇ, ಸಾಕು, ಹೋಗು, ನಿನ್ನ ದಾರಿ ತೆಗೆದಿದೆ, ನನ್ನ ದಾರಿ ಬಿಡು. ಹೇಳಿಕೊಳ್ಳುವಾಗ ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು.

"ಲಾಸಿನಾ," ಎಂದ. ಒಡಕು ದನಿ, ಉರುಟು ಸಾಮೋ ಉಚ್ಚಾರ. "ಲಾಸಿನಾ ಪಾರೆ, ಅಜ್ಜಿ. ನಾನು ಗೇಲಿ ಮಾಡ್ತಿಲ್ಲ."

ಮುದುಕಿ ಸೊಸೆಯ ಕಡೆ ಮುಖ ತಿರುಗಿಸಿ ಕಾದಳು. ಕಲಿಜೆತಾ ಬಾಗಿ ಕೈ ಚಾಚಿದಳು. ಅಡ್ಡ ಮಲಗಿದವನನ್ನು ಎಬ್ಬಿಸುವುದೆಂದರೆ ಕೇಳಿದ್ದನ್ನು ಕೊಟ್ಟೆ ಎಂದೇ ಅರ್ಥ, ಅದು ಅಲ್ಲಿದ್ದ ಸಣ್ಣ ಮಕ್ಕಳಿಗೂ ಗೊತ್ತಿತ್ತು.

"ಏಳು," ಎಂದಳು. "ಬೆನ್ನು ಸುಟ್ಕೊಂಡ್ರೆ ನಾಳೆ ಔಷಧಿ ಹಚ್ಚೋಳು ನಾನೇ ಅಲ್ವಾ."

ಮರುದಿನ ರಾಜಧಾನಿಯಿಂದ ಬಂದ ಅಂಕಿ ನಲವತ್ತಾರು ಡಿಗ್ರಿ. ಲಾಸಿನಾ ಮೈಕ್ ಮುಂದೆ ಕೂತ.

"ನಾನು ಲಾಸಿನಾ, ಸಾಮೋ. ಹಮಾದೊ ಹೊರಟುಹೋದ, ನಿನ್ನೆ ನೀವೇ ಕಳಿಸಿಕೊಟ್ರಿ. ಇವತ್ತು ನಲವತ್ತಾರು. ಅವನ ಥರ ಚೆಂದ ಹೇಳೋಕೆ ನನಗೆ ಬರಲ್ಲ. ಒಂದೇ ಹೇಳ್ತೀನಿ, ಮೊಸ್ಸಿಗಳಾ. ಈಗ ಹೊರಗೆ ತಿರುಗಾಡಿ ಸತ್ರೆ, ನಿಮ್ಮ ಸಾವಿಗೂ ಬರೋನು ನಾನೇ. ನಿಮ್ಮ ಗೊರಕೆ, ನಿಮ್ಮ ಜಿಪುಣತನ, ಹೆಂಡತಿ ಮುಂದೆ ನಿಮ್ಮ ಕಾಲು ನಡುಗೋದು, ಎಲ್ಲ ನಿಮ್ಮ ಬೀಗರ ಎದುರಿಗೇ ಮಾಡಿ ತೋರಿಸ್ತೀನಿ. ಬೇಕಾ? ಬೇಡ ಅನ್ನೋರು ಚಾಪೆ ಇಳಿಸಿ ಒಳಗೆ ಹೋಗಿ. ಮುದುಕರಿಗೆ ನೀರು ಕೊಡಿ."

ಕಿಟಕಿಯಿಂದ ನೋಡಿದ. ಸಂತೆಯಲ್ಲಿ ನಗು ಕೇಳಿಸಿತು. ಆಮೇಲೆ ಒಂದು ಚಾಪೆ ಇಳಿಯಿತು, ಅದರ ಪಕ್ಕದ್ದು ಇಳಿಯಿತು.

ಬಿಸಿಲು ತಗ್ಗಿದ ಮೇಲೆ ಅವನು ಬೀದಿ ದಾಟಿದ. ಕಲಿಜೆತಾ ಚಪ್ಪರದ ಕಂಬಕ್ಕೆ ಒರಗಿ ಕೂತಿದ್ದಳು. ಬೈಗುಳ ಎರಡೂ ಕಡೆಯಿಂದ ಬರಲಿಲ್ಲ.

"ಅಜ್ಜಿ ಕೇಳಿದ್ರಾ?" ಎಂದ.

"ರೇಡಿಯೋ ಮಡಿಲಲ್ಲಿ ಇಟ್ಕೊಂಡು ಕೂತಿದ್ರು. ನೀನು ಶುರು ಮಾಡಿದ ಕೂಡ್ಲೇ ಸ್ಟೇಷನ್ ತಪ್ಪಿದೆ ಅಂತ ಗುಬುಟು ತಿರುಗಿಸಿದ್ರು. ತಪ್ಪಿರ್ಲಿಲ್ಲ. ಮತ್ತೆ ನಿನ್ನ ಹತ್ರಾನೇ ಬಂದು ಪೂರ್ತಿ ಕೇಳಿದ್ರು." ಅವಳು ಒಳಗೆ ಮುದುಕಿಯ ಕಡೆ ನೋಡಿದಳು. "ಆಮೇಲೆ 'ಹೋದ' ಅಂದ್ರು. ಅಷ್ಟೇ. ತುಂಬ ಹೊತ್ತು ಬಿಟ್ಟು, 'ನಡಿ ಒಳಗೆ, ಆ ಸಾಮೋ ಬೈತಾನೆ' ಅಂದ್ರು."

ಸತ್ತವರ ಮನೆಯಲ್ಲಿ ಗೇಲಿ ನೆಂಟ ಅಳುವಂತಿಲ್ಲ, ಇಡೀ ವರ್ಷ ಅವನು ಅತ್ತಿರಲಿಲ್ಲ. ಈಗ ಆ ಹೊಣೆ ಮುಗಿದಿತ್ತು. ಅವನು ಅವಳ ಪಕ್ಕದಲ್ಲಿ ಕುಸಿದು ಕೂತು, ತನ್ನ ದನಿಯಲ್ಲೇ ಗೆಳೆಯನ ಹೆಸರು ಹಿಡಿದು ಜೋರಾಗಿ ಅತ್ತ. ಕಲಿಜೆತಾ ಸುಮ್ಮನಿರು ಅನ್ನಲಿಲ್ಲ. ಅವನ ಕೈ ತನ್ನ ಕೈಯೊಳಗೆ ತೆಗೆದುಕೊಂಡು, ಅವನು ಮುಗಿಸುವ ತನಕ ಹಿಡಿದುಕೊಂಡಿದ್ದಳು.